ಹದಿನಾರನೇ ವಾರದ ಕಸಿ: ಗರ್ಭದಲ್ಲೇ ಚಿಕಿತ್ಸೆ ಪಡೆದ ಒಂದು ಶಿಶುವಿನ ಪ್ರಕರಣ ಅಧ್ಯಯನ

ಆ ದಂಪತಿಗೆ ಹಿಂದೆ ಹುಟ್ಟಿದ್ದ ಗಂಡುಮಗು, ರೋಗನಿರೋಧಕ ಶಕ್ತಿಯೇ ಇಲ್ಲದಂತೆ ಮಾಡುವ ಒಂದು ಆನುವಂಶಿಕ ರೋಗದಿಂದ ಏಳು ತಿಂಗಳಿಗೇ ತೀರಿಕೊಂಡಿತ್ತು. ಹುಟ್ಟಿದಾಗ ನೋಡಲು ಆರೋಗ್ಯವಾಗಿಯೇ ಇರುವ ಇಂಥ ಮಕ್ಕಳು ಕೆಲವು ತಿಂಗಳು ಕಳೆಯುವಷ್ಟರಲ್ಲಿ ಒಂದರ ಮೇಲೊಂದು ಸೋಂಕಿಗೆ ಸಿಕ್ಕಿ, ಬಾಯಿಹುಣ್ಣು, ನಿಲ್ಲದ ಭೇದಿ, ನ್ಯುಮೋನಿಯಾಗಳಿಂದ ಸೊರಗಿ, ವರ್ಷ ತುಂಬುವ ಮೊದಲೇ ಸಾಯುತ್ತವೆ. ತಾಯಿ ಮತ್ತೆ ಬಸುರಿಯಾದಾಗ ಹನ್ನೆರಡನೇ ವಾರದಲ್ಲಿ ಮಾಸಿನ ಚೂರನ್ನು ತೆಗೆದು ಪರೀಕ್ಷಿಸಲಾಯಿತು. ಈ ಸಲವೂ ಗಂಡುಮಗು, ಈ ಸಲವೂ ಅದೇ ರೋಗ ಎಂಬುದು ಖಚಿತವಾಯಿತು. ಆ ಹಂತದಲ್ಲಿ ಹೆಚ್ಚಿನ ತಂದೆತಾಯಿಯರ ಮುಂದಿದ್ದ ದಾರಿಗಳು ಎರಡೇ: ಗರ್ಭವನ್ನು ತೆಗೆಸುವುದು, ಇಲ್ಲವೇ ಹೆರಿಗೆಯವರೆಗೆ ಕಾದು, ಹುಟ್ಟಿದ ಮಗುವಿಗೆ ಅಸ್ಥಿಮಜ್ಜೆಯ ಕಸಿ ಮಾಡಿಸುವುದು. ಇವರ ಮುಂದೆ ಮೂರನೆಯದೊಂದನ್ನು ಇಡಲಾಯಿತು. ಮಗು ಹೊಟ್ಟೆಯಲ್ಲಿರುವಾಗಲೇ ತಂದೆಯ ಮಜ್ಜೆಯಿಂದ ತೆಗೆದ ಕಾಂಡಕೋಶಗಳನ್ನು, ಎಂದರೆ ರಕ್ತದ ಎಲ್ಲ ಬಗೆಯ ಕಣಗಳನ್ನೂ ಹುಟ್ಟಿಸಬಲ್ಲ ಮೂಲ ಕೋಶಗಳನ್ನು, ಅದರೊಳಗೆ ಸೇರಿಸುವ ದಾರಿ ಅದು. ಅವರು ಅದನ್ನು ಒಪ್ಪಿಕೊಂಡರು.

ಇದು ನಡೆದದ್ದು 1995ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದಲ್ಲಿ. ಶಿಶು ಶಸ್ತ್ರವೈದ್ಯ ಅಲನ್ ಫ್ಲೇಕ್ ಅವರ ನೇತೃತ್ವದ ತಂಡ ಇದರ ವಿವರಗಳನ್ನು 1996ರ ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟಿಸಿತು. ಹುಟ್ಟುವ ಮೊದಲೇ ಕಾಂಡಕೋಶ ಕಸಿ ಮಾಡುವ ವಿಚಾರ ಎಲ್ಲಿ ಬಂದರೂ ಈ ಪ್ರಕರಣದ ಹೆಸರು ಬರುತ್ತದೆ. ಆದರೆ ಅದನ್ನು ಹೇಳುವಾಗ ಸಾಮಾನ್ಯವಾಗಿ ಸೂಜಿ, ಅಲ್ಟ್ರಾಸೌಂಡ್ ಮತ್ತು ವೈದ್ಯರ ಧೈರ್ಯಕ್ಕೆ ಹೆಚ್ಚಿನ ಶ್ರೇಯಸ್ಸು ಸಲ್ಲುತ್ತದೆ. ಪ್ರಕರಣವನ್ನು ಮತ್ತೆ ಮತ್ತೆ ಓದಿದ ಮೇಲೆ ನನಗೆ ಕಾಣುವುದು ಬೇರೆ: ಆ ಕಸಿ ಫಲಿಸಿದ್ದಕ್ಕೆ ಮುಖ್ಯ ಕಾರಣ ಆ ರೋಗದ ಸ್ವಭಾವದಲ್ಲೇ ಇತ್ತು. ಅದನ್ನು ಅರ್ಥಮಾಡಿಕೊಳ್ಳದೆ ಹೋದರೆ, ಡೆಟ್ರಾಯಿಟ್‌ನಲ್ಲಿ ಸಾಧ್ಯವಾದದ್ದು, ಕೆಂಪು ರಕ್ತಕಣಗಳು ಸರಿಯಾಗಿ ತಯಾರಾಗದ ಥಲಸ್ಸೀಮಿಯಾದಂಥ ರೋಗಗಳಲ್ಲಿ ಏಕೆ ಇಷ್ಟು ವರ್ಷಗಳಾದರೂ ಹಾಗೆ ಸಾಧ್ಯವಾಗಿಲ್ಲ ಎಂಬುದೂ ಅರ್ಥವಾಗುವುದಿಲ್ಲ.

ರೋಗ

ರೋಗದ ಹೆಸರು ಎಕ್ಸ್ ವರ್ಣತಂತುವಿಗೆ ಸಂಬಂಧಿಸಿದ ತೀವ್ರ ಸಂಯುಕ್ತ ರೋಗನಿರೋಧಕ ನ್ಯೂನತೆ. ವೈದ್ಯರು ಇದನ್ನು ಎಕ್ಸ್-ಸ್ಕಿಡ್ ಎಂದು ಚಿಕ್ಕದಾಗಿ ಕರೆಯುತ್ತಾರೆ. ಹೂಸ್ಟನ್ನಿನ ಆಸ್ಪತ್ರೆಯಲ್ಲಿ 1971ರಲ್ಲಿ ಹುಟ್ಟಿ, ಹನ್ನೆರಡು ವರ್ಷ ಪ್ಲಾಸ್ಟಿಕ್ ಗುಳ್ಳೆಯೊಳಗೆ ಬದುಕಿ, ಅಕ್ಕನ ಮಜ್ಜೆಯ ಕಸಿಯಾದ ಕೆಲವೇ ತಿಂಗಳಲ್ಲಿ, 1984ರಲ್ಲಿ ತೀರಿಕೊಂಡ ಹುಡುಗನಿಗಿದ್ದದ್ದು ಇದೇ ರೋಗ. ಆ ಮಜ್ಜೆಯಲ್ಲಿ ಅಡಗಿದ್ದ ಒಂದು ವೈರಸ್ಸೇ ಅವನ ಸಾವಿಗೆ ಕಾರಣವಾಗಿತ್ತು.

ನಮ್ಮ ರಕ್ತದ ಬಿಳಿ ಕಣಗಳಲ್ಲಿ ಟಿ ಕೋಶ, ಬಿ ಕೋಶ, ಎನ್‌ಕೆ ಕೋಶ ಎಂಬ ಬಗೆಗಳಿವೆ. ಇವು ಮಜ್ಜೆಯ ಕಾಂಡಕೋಶಗಳಿಂದ ಹುಟ್ಟಿ ಬೆಳೆಯುವಾಗ ಇಂಟರ್‌ಲ್ಯೂಕಿನ್‌ಗಳೆಂಬ ರಾಸಾಯನಿಕ ಸಂಕೇತಗಳು ಬೇಕು, ಮತ್ತು ಆ ಸಂಕೇತಗಳನ್ನು ಹಿಡಿಯಲು ಕೋಶದ ಮೈಮೇಲೆ ಗ್ರಾಹಕಗಳು ಬೇಕು. ಇಂಟರ್‌ಲ್ಯೂಕಿನ್ 2, 4, 7, 9, 15, 21 ಇವೆಲ್ಲದರ ಗ್ರಾಹಕಗಳಿಗೂ ಸಾಮಾನ್ಯವಾದ ಒಂದು ಭಾಗವಿದೆ, ಅದನ್ನು ಗ್ಯಾಮಾ ಸರಪಳಿ ಎನ್ನುತ್ತಾರೆ. ಅದರ ಜೀನ್ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಆ ಜೀನ್ ಕೆಟ್ಟರೆ ಒಂದೇ ಏಟಿಗೆ ಈ ಆರೂ ಸಂಕೇತಗಳು ಕಿವುಡು ಕೋಶಗಳ ಮುಂದೆ ವ್ಯರ್ಥವಾಗುತ್ತವೆ. ಏಳನೆಯ ಇಂಟರ್‌ಲ್ಯೂಕಿನ್ನಿನ ಸಂಕೇತ ತಲುಪದೆ ಟಿ ಕೋಶಗಳು ಹುಟ್ಟುವುದಿಲ್ಲ. ಹದಿನೈದನೆಯದು ತಲುಪದೆ ಎನ್‌ಕೆ ಕೋಶಗಳು ಬೆಳೆಯುವುದಿಲ್ಲ. ಬಿ ಕೋಶಗಳು ಲೆಕ್ಕಕ್ಕೆ ಇರುತ್ತವೆ, ಆದರೆ ಟಿ ಕೋಶಗಳ ನೆರವಿಲ್ಲದೆ ಅವು ಸರಿಯಾದ ಪ್ರತಿಕಾಯಗಳನ್ನು ತಯಾರಿಸಲಾರವು. ಈ ಜೀನಿನ ದೋಷವೇ ರೋಗದ ಮೂಲ ಎಂದು ತಿಳಿದದ್ದು 1993ರಲ್ಲಿ, ಎಂದರೆ ಡೆಟ್ರಾಯಿಟ್ ಕಸಿಗೆ ಎರಡೇ ವರ್ಷ ಮೊದಲು. ಹಾಗೆ ಕಂಡುಹಿಡಿದವರಲ್ಲಿ ಒಬ್ಬರಾದ ಜೆನಿಫರ್ ಪಕ್ ಈ ಪ್ರಕರಣದ ಲೇಖಕರಲ್ಲೂ ಒಬ್ಬರು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ, ಮುಂದೆ ಅದು ಮತ್ತೆ ಬರಲಿದೆ.

ತಾಯಿಗೆ ಎರಡು ಎಕ್ಸ್ ವರ್ಣತಂತುಗಳಿದ್ದು, ಒಂದರಲ್ಲಿ ಮಾತ್ರ ದೋಷವಿರುವುದರಿಂದ ಆಕೆ ಆರೋಗ್ಯವಾಗಿರುತ್ತಾಳೆ. ಮಗನಿಗೆ ಒಂದೇ ಎಕ್ಸ್, ಅದೂ ತಾಯಿಯಿಂದಲೇ ಬರುತ್ತದೆ. ಹಾಗಾಗಿ ಪ್ರತಿ ಗಂಡುಮಗುವಿಗೂ ರೋಗ ಬರುವ ಸಂಭವ ಅರ್ಧಕ್ಕರ್ಧ. ನಮ್ಮ ಕಡೆ ಆನುವಂಶಿಕ ರೋಗವೆಂದ ಕೂಡಲೇ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದದ್ದರ ಮೇಲೆ ಹೊಣೆ ಹೊರಿಸುವ ರೂಢಿಯಿದೆ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಮಾತ್ರ ತಲೆದೋರುವ ರೋಗಗಳಲ್ಲಿ, ಈ ನ್ಯೂನತೆಯ ಬೇರೆ ಕೆಲವು ಬಗೆಗಳಲ್ಲೂ, ಅದು ನಿಜವಾದ ಕಾರಣವೇ. ಆದರೆ ಎಕ್ಸ್-ಸ್ಕಿಡ್‌ಗೆ ರಕ್ತಸಂಬಂಧದ ಮದುವೆ ಬೇಕಿಲ್ಲ. ಸಂಬಂಧವೇ ಇಲ್ಲದ ಮನೆಗಳ ನಡುವಿನ ಮದುವೆಯಲ್ಲೂ ಅದು ತಾಯಿಯ ಕಡೆಯಿಂದ ಬರುತ್ತದೆ. ಎಷ್ಟೋ ಸಲ ತಾಯಿಯ ತವರಿನಲ್ಲಿ ಎಳವೆಯಲ್ಲೇ ತೀರಿಕೊಂಡ ಗಂಡುಮಕ್ಕಳ ಕತೆ ಕೇಳಿದಾಗಲೇ ಸುಳಿವು ಸಿಗುತ್ತದೆ.

ಗರ್ಭದಲ್ಲಿ ಕಸಿ ಎಂಬ ಯೋಚನೆ

ಯೋಚನೆಯ ಬೇರು ದನದ ಕೊಟ್ಟಿಗೆಯಲ್ಲಿದೆ. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಕರು ಸಾಮಾನ್ಯವಾಗಿ ಗೊಡ್ಡಾಗುತ್ತದೆಂಬುದು ದನ ಸಾಕುವವರಿಗೆ ಬಹಳ ಕಾಲದಿಂದ ಗೊತ್ತಿರುವ ಸಂಗತಿ. ಗರ್ಭದಲ್ಲಿ ಎರಡೂ ಕರುಗಳ ಮಾಸಿನ ರಕ್ತನಾಳಗಳು ಕೂಡಿಕೊಂಡು ರಕ್ತ ಬೆರೆಯುವುದೇ ಅದಕ್ಕೆ ಕಾರಣ. ವಿಸ್ಕಾನ್ಸಿನ್‌ನ ರೇ ಓವನ್ 1945ರಲ್ಲಿ ಇಂಥ ಅವಳಿಗಳನ್ನು ಪರೀಕ್ಷಿಸಿ, ಬೆಳೆದ ಮೇಲೂ ಪ್ರತಿಯೊಂದರ ಮೈಯಲ್ಲಿ ತನ್ನದರ ಜೊತೆಗೆ ಅವಳಿಯ ರಕ್ತಕಣಗಳೂ ಇವೆ ಎಂದು ತೋರಿಸಿದರು. ಅವು ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲ, ಆದರೂ ಒಂದರ ರಕ್ತವನ್ನು ಇನ್ನೊಂದು ಪರಕೀಯವೆಂದು ತಳ್ಳಿಹಾಕಿರಲಿಲ್ಲ. ಇದನ್ನೇ ಮುಂದುವರಿಸಿ ಇಂಗ್ಲೆಂಡಿನಲ್ಲಿ ಬಿಲ್ಲಿಂಗ್ಹ್ಯಾಮ್, ಬ್ರೆಂಟ್ ಮತ್ತು ಮೆಡವಾರ್ 1953ರಲ್ಲಿ, ಗರ್ಭದಲ್ಲಿರುವ ಇಲಿಗೆ ಬೇರೊಂದು ತಳಿಯ ಇಲಿಯ ಕೋಶಗಳನ್ನು ಚುಚ್ಚಿದರೆ ಅದು ಬೆಳೆದ ಮೇಲೆ ಆ ತಳಿಯ ಚರ್ಮದ ಕಸಿಯನ್ನು ಸ್ವೀಕರಿಸುತ್ತದೆ ಎಂದು ತೋರಿಸಿದರು. ಮೆಡವಾರ್ ಅವರಿಗೆ ಬರ್ನೆಟ್ ಜೊತೆಗೆ 1960ರಲ್ಲಿ ನೊಬೆಲ್ ಬಂದದ್ದು ಈ ಕ್ಷೇತ್ರದ ಕೆಲಸಕ್ಕೆ. ದೇಹವು ‘ನನ್ನದು’ ಮತ್ತು ‘ಪರರದು’ ಎಂಬ ಭೇದವನ್ನು ಕಲಿಯುವ ಮೊದಲೇ ಒಳಗೆ ಸೇರಿಕೊಂಡದ್ದು ದೇಹಕ್ಕೆ ತನ್ನದೇ ಆಗಿಬಿಡುತ್ತದೆ ಎಂಬ ತಿಳಿವು ಹೀಗೆ ಸಿಕ್ಕಿತು.

ಫ್ಲೇಕ್ ಮತ್ತು ಇಸ್ಮಾಯಿಲ್ ಜಂಜಾನಿ ತಮ್ಮ ಸಹೋದ್ಯೋಗಿಗಳೊಂದಿಗೆ 1986ರಲ್ಲಿ ಇದನ್ನು ಕುರಿಗಳಲ್ಲಿ ಮಾಡಿ ತೋರಿಸಿದ್ದರು: ಗರ್ಭದಲ್ಲಿರುವ ಕುರಿಮರಿಗೆ ಬೇರೊಂದು ಕುರಿಯ ಕಾಂಡಕೋಶ ಚುಚ್ಚಿದಾಗ, ಹುಟ್ಟಿದ ಮರಿಯ ರಕ್ತದಲ್ಲಿ ದಾನಿಯ ಕಣಗಳೂ ಉತ್ಪತ್ತಿಯಾದವು. ಮನುಷ್ಯರಲ್ಲಿ ಮೊದಲು ಯಶಸ್ಸು ಕಂಡದ್ದು ಫ್ರಾನ್ಸಿನ ಲಿಯಾನ್ ನಗರದ ಜಾನ್-ಲೂಯಿ ಟುರೇನ್. ಅವರು 1988ರಲ್ಲಿ ಬೇರೊಂದು ರೋಗನಿರೋಧಕ ನ್ಯೂನತೆಯಿದ್ದ ಗರ್ಭಸ್ಥ ಶಿಶುವಿಗೆ ಭ್ರೂಣದ ಯಕೃತ್ತಿನ ಕೋಶಗಳನ್ನು ನೀಡಿದ್ದರು.

ಈ ಯೋಚನೆಗೆ ಬಲ ಕೊಡುವ ಇನ್ನೂ ಮೂರು ಸಂಗತಿಗಳಿದ್ದವು. ಹದಿನಾರನೇ ವಾರದ ಶಿಶುವಿನ ತೂಕ ನೂರರಿಂದ ನೂರೈವತ್ತು ಗ್ರಾಂ ಅಷ್ಟೇ, ಆದ್ದರಿಂದ ದೊಡ್ಡವರ ಮಜ್ಜೆಯಿಂದ ತೆಗೆದ ಸಣ್ಣ ಪ್ರಮಾಣದ ಕೋಶಗಳೂ ಅದರ ತೂಕಕ್ಕೆ ಹೋಲಿಸಿದರೆ ಭಾರೀ ಮೊತ್ತವಾಗುತ್ತವೆ. ಎರಡನೆಯದಾಗಿ, ಅದೇ ವಾರಗಳಲ್ಲಿ ರಕ್ತ ತಯಾರಿಸುವ ಕೆಲಸವು ಯಕೃತ್ತಿನಿಂದ ಮೂಳೆಗಳ ಮಜ್ಜೆಗೆ ಸ್ಥಳಾಂತರಗೊಳ್ಳುತ್ತಿರುತ್ತದೆ, ಹೊಸ ಮನೆಗಳು ಆಗಷ್ಟೇ ತೆರೆದುಕೊಳ್ಳುತ್ತಿರುತ್ತವೆ. ಕೊನೆಯದಾಗಿ, ಸೋಂಕಿಲ್ಲದ ಕೋಣೆಯನ್ನು ಆಸ್ಪತ್ರೆ ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಬೇಕಿಲ್ಲ. ತಾಯಿಯ ಗರ್ಭವೇ ಅದು.

ಮೂರು ಚುಚ್ಚುಮದ್ದು

ದಾನಿಯಾಗಿ ತಂದೆಯನ್ನು ಆರಿಸಿಕೊಳ್ಳಲಾಯಿತು. ಮಗನಿಗೆ ತಂದೆಯ ಎಕ್ಸ್ ಬಂದಿರುವುದೇ ಇಲ್ಲ, ರೋಗಕ್ಕೂ ತಂದೆಗೂ ಸಂಬಂಧವಿಲ್ಲ, ಆದ್ದರಿಂದ ಅವರ ಮಜ್ಜೆಯಲ್ಲಿ ಆ ಜೀನ್ ಸರಿಯಾಗಿಯೇ ಇರುತ್ತದೆ. ತಂದೆಯ ಅಂಗಾಂಶದ ಗುರುತುಗಳು ಮಗುವಿನೊಂದಿಗೆ ಅರ್ಧದಷ್ಟು ಮಾತ್ರ ಹೊಂದುತ್ತವೆ. ಹುಟ್ಟಿದ ಮೇಲಿನ ಕಸಿಯಲ್ಲಿ ಅರ್ಧ ಹೊಂದಾಣಿಕೆ ಎಂಬುದು ಚಿಂತೆಯ ವಿಷಯ, ಅದರಲ್ಲೂ ದಾನಿಯ ಪ್ರೌಢ ಟಿ ಕೋಶಗಳು ಕಸಿಯ ಜೊತೆ ಬಂದರೆ ಅವು ಮಗುವಿನ ದೇಹವನ್ನೇ ಪರಕೀಯವೆಂದು ಭಾವಿಸಿ ಚರ್ಮ, ಕರುಳು, ಯಕೃತ್ತಿನ ಮೇಲೆ ದಾಳಿ ಮಾಡುತ್ತವೆ. ಈ ಮಗುವಿಗೆ ತನ್ನನ್ನು ರಕ್ಷಿಸಿಕೊಳ್ಳುವ ಶಕ್ತಿಯೇ ಇಲ್ಲವಾದ್ದರಿಂದ ಅಂಥ ದಾಳಿ ನಡೆದರೆ ತಡೆಯುವವರಿಲ್ಲ. ಅದಕ್ಕಾಗಿ ತಂದೆಯ ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯಲ್ಲಿ ಟಿ ಕೋಶಗಳನ್ನು ಆದಷ್ಟೂ ಬೇರ್ಪಡಿಸಿ, ಸಿಡಿ34 ಎಂಬ ಗುರುತಿರುವ ಕಾಂಡಕೋಶಗಳ ಪಾಲನ್ನು ಹೆಚ್ಚಿಸಲಾಯಿತು.

ಮೊದಲ ಚುಚ್ಚುಮದ್ದು ಹದಿನಾರನೇ ವಾರದಲ್ಲಿ, ಎರಡನೆಯದು ಹದಿನೇಳೂವರೆ ವಾರಕ್ಕೆ, ಮೂರನೆಯದು ಹದಿನೆಂಟೂವರೆ ವಾರಕ್ಕೆ. ಪ್ರತಿ ಸಲವೂ ಅಲ್ಟ್ರಾಸೌಂಡ್ ಪರದೆಯನ್ನು ನೋಡುತ್ತಾ ತಾಯಿಯ ಹೊಟ್ಟೆ ಮತ್ತು ಗರ್ಭಕೋಶದ ಗೋಡೆಯ ಮೂಲಕ ತೆಳುವಾದ ಸೂಜಿಯನ್ನು ಶಿಶುವಿನ ಹೊಟ್ಟೆಯ ಪೊಳ್ಳಿಗೆ ತಲುಪಿಸಿ ಕೋಶಗಳನ್ನು ಅಲ್ಲಿ ಬಿಡಲಾಯಿತು. ರಕ್ತನಾಳಕ್ಕೆ ನೇರವಾಗಿ ಕೊಡದೆ ಹೊಟ್ಟೆಯನ್ನು ಆರಿಸಿಕೊಳ್ಳುವುದಕ್ಕೆ ಅರ್ಥವಿದೆ. ಆ ವಯಸ್ಸಿನಲ್ಲಿ ಹೊಕ್ಕುಳಬಳ್ಳಿಯ ನಾಳ ಬಹಳ ಕಿರಿದು. ಅದನ್ನು ಚುಚ್ಚಿದರೆ ರಕ್ತಸ್ರಾವವಾಗಿಯೋ ಎದೆಬಡಿತ ಕುಂದಿಯೋ ಶಿಶುವೇ ಕೈತಪ್ಪಬಹುದು. ಹೊಟ್ಟೆಯ ಪೊಳ್ಳಿಗೆ ಬಿದ್ದ ಕೋಶಗಳನ್ನು ದುಗ್ಧರಸ ನಾಳಗಳು ಹೀರಿಕೊಂಡು ನಿಧಾನವಾಗಿ ರಕ್ತಕ್ಕೆ ಸೇರಿಸುತ್ತವೆ, ಅಲ್ಲಿಂದ ಅವು ತಮ್ಮ ನೆಲೆಯನ್ನು ತಾವೇ ಹುಡುಕಿಕೊಳ್ಳುತ್ತವೆ. ತಾಯಿಗೆ ಶಸ್ತ್ರಕ್ರಿಯೆಯಿಲ್ಲ, ಮಗುವಿನ ಮಜ್ಜೆಯನ್ನು ಬರಿದು ಮಾಡುವ ಕೀಮೋಥೆರಪಿಯ ಅಗತ್ಯವೂ ಇಲ್ಲ.

ಆಮೇಲೆ ಮಾಡಬೇಕಾದದ್ದು ಕಾಯುವುದು ಮಾತ್ರ. ಮೂರನೆಯ ಸೂಜಿಯ ನಂತರ ಹೆರಿಗೆಯವರೆಗೆ ಉಳಿದ ತಿಂಗಳುಗಳನ್ನು ಆ ತಾಯಿ ಹೇಗೆ ಕಳೆದಳು ಎಂಬುದಕ್ಕೆ ವೈದ್ಯಕೀಯ ವರದಿಯಲ್ಲಿ ಜಾಗವಿರುವುದಿಲ್ಲ. ಹಿಂದೊಮ್ಮೆ ಏಳು ತಿಂಗಳ ಕೂಸನ್ನು ಮಣ್ಣಿಗಿಟ್ಟವರಿಗೆ ಆ ದಿನಗಳು ಎಷ್ಟು ಉದ್ದವಾಗಿದ್ದಿರಬಹುದೆಂದು ಓದುಗರೇ ಊಹಿಸಿಕೊಳ್ಳಬಹುದು.

ಮಗು ದಿನ ತುಂಬಿ, ಸಿಸೇರಿಯನ್ ಮೂಲಕ ಹುಟ್ಟಿತು. ಅದರ ರಕ್ತದಲ್ಲಿ ಟಿ ಕೋಶಗಳಿದ್ದವು, ಮತ್ತು ಪರೀಕ್ಷಿಸಿದಾಗ ಅವು ತಂದೆಯವು ಎಂದು ತಿಳಿಯಿತು. ಬಿ ಕೋಶಗಳಾದರೋ ಮಗುವಿನವೇ ಆಗಿ ಉಳಿದಿದ್ದವು. ಒಂದೇ ದೇಹದಲ್ಲಿ ರಕ್ತದ ಒಂದು ವಂಶ ದಾನಿಯದು, ಇನ್ನೊಂದು ವಂಶ ಸ್ವಂತದ್ದು. ದಾನಿಯ ಕೋಶಗಳು ಮಗುವಿನ ದೇಹದ ಮೇಲೆ ದಾಳಿ ಮಾಡಿದ ಯಾವ ಲಕ್ಷಣವೂ ಕಾಣಲಿಲ್ಲ. ವರದಿ ಪ್ರಕಟವಾಗುವ ಹೊತ್ತಿಗೆ ಹನ್ನೊಂದು ತಿಂಗಳ ವಯಸ್ಸಿನಲ್ಲಿ ಆ ಮಗು ಸರಿಯಾಗಿ ಬೆಳೆಯುತ್ತಾ ಆರೋಗ್ಯವಾಗಿತ್ತೆಂದು ದಾಖಲಾಗಿದೆ. ಅಣ್ಣ ಮುಟ್ಟದ ವಯಸ್ಸನ್ನು ತಮ್ಮ ದಾಟಿದ್ದ.

ಅದೇ 1996ರಲ್ಲಿ ಇಟಲಿಯ ಬ್ರೆಷಿಯಾ ನಗರದ ತಂಡವೊಂದು ಇದೇ ರೋಗದ ಇನ್ನೊಂದು ಗರ್ಭಸ್ಥ ಶಿಶುವಿಗೆ ತಂದೆಯ ಕಾಂಡಕೋಶಗಳನ್ನೇ ಕೊಟ್ಟು ಯಶಸ್ಸು ಪಡೆದದ್ದನ್ನು ವರದಿ ಮಾಡಿತು. ಆದ್ದರಿಂದ ಡೆಟ್ರಾಯಿಟ್‌ನದು ಬರೀ ಅದೃಷ್ಟವಾಗಿರಲಿಲ್ಲ.

ಏಕೆ ಫಲಿಸಿತು

ತಂದೆಯ ಟಿ ಕೋಶಗಳೇ ಏಕೆ ಬೇರೂರಿದವು, ಬಿ ಕೋಶಗಳು ಏಕೆ ಬೇರೂರಲಿಲ್ಲ? ಪ್ರಕರಣದ ತಿರುಳು ಈ ಪ್ರಶ್ನೆಯಲ್ಲಿದೆ.

ಗರ್ಭದಲ್ಲಿದ್ದ ಆ ಶಿಶುವಿಗೂ ಸ್ವಂತ ಮಜ್ಜೆಯಿತ್ತು, ಅದರಲ್ಲಿ ಕಾಂಡಕೋಶಗಳೂ ಇದ್ದವು. ಅವು ಕೆಂಪು ಕಣ, ಬಿ ಕೋಶ, ಕಿರುಬಿಲ್ಲೆ (ಪ್ಲೇಟ್‌ಲೆಟ್)ಗಳನ್ನು ಯಾವ ತೊಂದರೆಯೂ ಇಲ್ಲದೆ ತಯಾರಿಸಬಲ್ಲವು. ಹೊರಗಿನಿಂದ ಬಂದ ಕೋಶಗಳಿಗೆ ಅಲ್ಲಿ ಪೈಪೋಟಿಯಿದೆ, ಮೊದಲೇ ನೆಲೆಸಿರುವವರ ನಡುವೆ ಜಾಗ ಸಿಗುವುದು ಕಷ್ಟ. ಆದರೆ ಟಿ ಕೋಶಗಳ ಕಾರ್ಖಾನೆಯಾದ ಥೈಮಸ್ ಗ್ರಂಥಿ ಪೂರಾ ಖಾಲಿಯಾಗಿತ್ತು. ಗ್ಯಾಮಾ ಸರಪಳಿ ಇಲ್ಲದ ಸ್ವಂತ ಕೋಶಗಳು ಅಲ್ಲಿ ಬದುಕಲಾರವು, ಅದು ಇರುವ ತಂದೆಯ ಕೋಶಗಳು ಬದುಕಬಲ್ಲವು, ಬದುಕಿ ಸಾವಿರಪಟ್ಟು ಹೆಚ್ಚಬಲ್ಲವು. ಉಳಿದೆಲ್ಲ ಗದ್ದೆಗಳಲ್ಲಿ ಪೈರು ನಿಂತಿದ್ದ ಊರಿನಲ್ಲಿ ಒಂದೇ ಒಂದು ಗದ್ದೆ ಬೀಳು ಬಿದ್ದಿದ್ದಂತೆ, ಹಿಡಿಯಷ್ಟು ಬೀಜ ಬಿದ್ದರೂ ಅಲ್ಲಿ ಬೆಳೆ ತುಂಬಿಕೊಂಡಿತು.

ಇದು ಬರಿಯ ಊಹೆಯಲ್ಲ ಎನ್ನುವುದಕ್ಕೆ ಎರಡು ಸಾಕ್ಷ್ಯಗಳಿವೆ, ಒಂದು ಇಂಥ ತಾಯಂದಿರ ಮೈಯಲ್ಲೇ ಇದೆ. ಹೆಂಗಸರ ಪ್ರತಿ ಕೋಶದಲ್ಲೂ ಎರಡು ಎಕ್ಸ್‌ಗಳ ಪೈಕಿ ಒಂದು ಮಾತ್ರ ಕೆಲಸ ಮಾಡುತ್ತದೆ, ಯಾವುದು ಎಂಬುದು ಪ್ರತಿ ಕೋಶದಲ್ಲೂ ನಾಣ್ಯ ಚಿಮ್ಮಿದಂತೆ ನಿರ್ಧಾರವಾಗುತ್ತದೆ. ಹಾಗಿದ್ದರೆ ದೋಷ ಹೊತ್ತ ತಾಯಿಯ ಟಿ ಕೋಶಗಳಲ್ಲಿ ಅರ್ಧ ಕೆಟ್ಟ ಎಕ್ಸ್ ಬಳಸುತ್ತಿರಬೇಕಿತ್ತು. ನೋಡಿದರೆ ಅವೆಲ್ಲವೂ ಒಳ್ಳೆಯ ಎಕ್ಸ್ ಬಳಸುವವೇ ಆಗಿರುತ್ತವೆ. ಕೆಟ್ಟದ್ದನ್ನು ಬಳಸಿದವು ಬೆಳೆಯಲಾರದೆ ಸತ್ತು, ಒಳ್ಳೆಯವು ಆ ಜಾಗವನ್ನು ತುಂಬಿಕೊಂಡಿರುತ್ತವೆ. ಜೀನ್ ಇನ್ನೂ ಗೊತ್ತಿಲ್ಲದ 1980ರ ದಶಕದಲ್ಲೇ ಪಕ್ ಮತ್ತು ಸಹೋದ್ಯೋಗಿಗಳು ರೋಗ ಹೊತ್ತ ಹೆಂಗಸರನ್ನು ಗುರುತಿಸಲು ಈ ಲಕ್ಷಣವನ್ನೇ ಬಳಸಿದ್ದರು. ಎಂದರೆ, ಮಗುವಿನ ಒಳಗೆ ವೈದ್ಯರು ಸೂಜಿಯಿಂದ ಮಾಡಲು ಹೊರಟದ್ದನ್ನು ಪ್ರಕೃತಿ ತಾಯಿಯ ಮೈಯಲ್ಲಿ ಅದಾಗಲೇ ಮಾಡಿ ಮುಗಿಸಿತ್ತು. ಇನ್ನೊಂದು ಸಾಕ್ಷ್ಯ ಅದೇ 1996ರಲ್ಲಿ, ಅದೇ ಪತ್ರಿಕೆಯಲ್ಲಿ ಪ್ರಕಟವಾದದ್ದು: ಈ ರೋಗವಿದ್ದ ಒಬ್ಬ ಹುಡುಗನಲ್ಲಿ, ಟಿ ಕೋಶಗಳ ಪೂರ್ವಜ ಕೋಶವೊಂದರಲ್ಲಿ ಕೆಟ್ಟ ಜೀನ್ ತಾನಾಗಿಯೇ ಮತ್ತೆ ಸರಿಹೋಗಿ, ಅದರಿಂದ ಹುಟ್ಟಿದ ಟಿ ಕೋಶಗಳು ಅವನ ರಕ್ತದಲ್ಲಿ ನೆಲೆಗೊಂಡು ರೋಗದ ತೀವ್ರತೆಯನ್ನು ತಗ್ಗಿಸಿದ್ದವು.

ಜೊತೆಗೆ, ಕಸಿಯನ್ನು ತಿರಸ್ಕರಿಸಲು ಬೇಕಾದ ಟಿ ಕೋಶಗಳಾಗಲಿ ಎನ್‌ಕೆ ಕೋಶಗಳಾಗಲಿ ಈ ಶಿಶುವಿಗೆ ಇರಲಿಲ್ಲ. ಜಾಗ ಖಾಲಿ, ಕಾವಲುಗಾರನೂ ಇಲ್ಲ. ಇದಕ್ಕಿಂತ ಅನುಕೂಲವಾದ ರೋಗ ಗರ್ಭದ ಕಸಿಗೆ ಸಿಗಲಾರದು.

ಈ ವಿವರಣೆಯನ್ನು ಒಪ್ಪಿದರೆ ಇನ್ನೊಂದು ಮಾತನ್ನೂ ಒಪ್ಪಲೇಬೇಕಾಗುತ್ತದೆ. ಹುಟ್ಟಿದ ಮೇಲೂ ಆ ಜಾಗ ಖಾಲಿಯೇ ಇರುತ್ತದೆ, ಕಾವಲುಗಾರ ಆಗಲೂ ಇರುವುದಿಲ್ಲ. ಹಾಗಿದ್ದರೆ ಗರ್ಭದಲ್ಲೇ ಏಕೆ ಕಸಿ ಮಾಡಬೇಕು? ಡ್ಯೂಕ್ ವಿಶ್ವವಿದ್ಯಾಲಯದ ರೆಬೆಕಾ ಬಕ್ಲಿ ಅವರ ತಂಡ 1999ರಲ್ಲಿ ಪ್ರಕಟಿಸಿದ ಅಂಕಿಗಳು ಈ ಪ್ರಶ್ನೆಗೆ ಉತ್ತರ ಕೊಟ್ಟವು. ತೀವ್ರ ನ್ಯೂನತೆಯ ಬೇರೆ ಬೇರೆ ಬಗೆಗಳಿದ್ದ 89 ಮಕ್ಕಳಿಗೆ, ಬಹುಪಾಲು ಅರ್ಧ ಹೊಂದಾಣಿಕೆಯ ತಂದೆತಾಯಿಯ ಮಜ್ಜೆಯನ್ನೇ ಕಸಿ ಮಾಡಿದಾಗ 72 ಮಕ್ಕಳು ಬದುಕಿದ್ದರು. ಒಟ್ಟು 89ರ ಪೈಕಿ ಮೂರೂವರೆ ತಿಂಗಳೊಳಗೆ ಕಸಿಯಾದ 22 ಮಕ್ಕಳಲ್ಲಿ 21 ಮಂದಿ ಉಳಿದಿದ್ದರು. ಸೋಂಕು ಹಿಡಿಯುವ ಮೊದಲೇ ಗುರುತಿಸಿ ಕಸಿ ಮಾಡುವುದಷ್ಟೇ ಮುಖ್ಯ, ಅದು ಗರ್ಭದಲ್ಲೇ ಆಗಬೇಕೆಂದಿಲ್ಲ.

ಗರ್ಭದಲ್ಲಿ ಡೆಟ್ರಾಯಿಟ್‌ನ ಆ ಮಗುವಿನ ರೋಗವನ್ನು ಗುರುತಿಸಿದ ತಂಡದಲ್ಲಿದ್ದ ಜೆನಿಫರ್ ಪಕ್ ಅವರ ಮುಂದಿನ ಕೆಲಸ ಇಲ್ಲಿ ಬರುತ್ತದೆ. ಥೈಮಸ್‌ನಲ್ಲಿ ಟಿ ಕೋಶ ತಯಾರಾಗುವಾಗ ತನ್ನ ಡಿಎನ್‌ಎಯ ಒಂದು ತುಂಡನ್ನು ಕತ್ತರಿಸಿ ಹಾಕುತ್ತದೆ, ಆ ತುಂಡು ಉಂಗುರದಂತೆ ಸುತ್ತಿಕೊಂಡು ಕೋಶದೊಳಗೇ ಉಳಿಯುತ್ತದೆ. ಎಳೆಗೂಸಿನ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿದ ರಕ್ತದ ಚುಕ್ಕೆಯಲ್ಲಿ ಆ ಉಂಗುರಗಳನ್ನು ಎಣಿಸಿದರೆ ಮಗುವಿಗೆ ಟಿ ಕೋಶಗಳಿವೆಯೋ ಇಲ್ಲವೋ ಗೊತ್ತಾಗುತ್ತದೆ ಎಂದು ಅವರು ಮತ್ತು ಸಹೋದ್ಯೋಗಿ 2005ರಲ್ಲಿ ತೋರಿಸಿದರು. ವಿಸ್ಕಾನ್ಸಿನ್ ರಾಜ್ಯ 2008ರಲ್ಲಿ ಹುಟ್ಟುವ ಪ್ರತಿ ಮಗುವಿಗೂ ಈ ಪರೀಕ್ಷೆ ಆರಂಭಿಸಿತು, 2018ರ ಕೊನೆಯ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅದು ಜಾರಿಗೆ ಬಂದಿತ್ತು. ಈ ಪರೀಕ್ಷೆಯಿಂದಲೇ, ಎಕ್ಸ್-ಸ್ಕಿಡ್ ಸೇರಿದಂತೆ ತೀವ್ರ ನ್ಯೂನತೆಯ ಎಲ್ಲ ಬಗೆಗಳೂ ಒಟ್ಟಾಗಿ ಅಲ್ಲಿ ಸುಮಾರು 58,000 ಮಕ್ಕಳಿಗೊಬ್ಬರಲ್ಲಿ ಇರುತ್ತವೆ ಎಂದೂ ಗೊತ್ತಾಯಿತು. ಒಂದು ಶಿಶುವನ್ನು ಗರ್ಭದಲ್ಲೇ ಉಳಿಸುವ ಸಾಹಸದಲ್ಲಿ ಪಾಲ್ಗೊಂಡವರೇ ಮುಂದೆ ಅಂಥ ಸಾಹಸವೇ ಬೇಡವಾಗುವಂಥ ಸರಳ ದಾರಿಯನ್ನು ಕಟ್ಟಿಕೊಟ್ಟರು. ವೈದ್ಯ ವಿಜ್ಞಾನದಲ್ಲಿ ನನಗೆ ಬಹಳ ಗೌರವ ಹುಟ್ಟಿಸಿದ ಸಂಗತಿಗಳಲ್ಲಿ ಇದೂ ಒಂದು.

ಬೇರೆ ರೋಗಗಳಲ್ಲಿ

ಡೆಟ್ರಾಯಿಟ್‌ನ ಸುದ್ದಿ ಹಬ್ಬಿದ ಮೇಲೆ ಥಲಸ್ಸೀಮಿಯಾ, ಕುಡುಗೋಲು ಕಣ ರೋಗ, ಚಯಾಪಚಯದ ಹಲವು ಆನುವಂಶಿಕ ದೋಷಗಳಿಗೂ ಗರ್ಭದ ಕಸಿ ಸಿಗಬಹುದೆಂಬ ಆಸೆ ಹುಟ್ಟಿದ್ದು ಸಹಜ. ಕೆಲವು ಶಿಶುಗಳಲ್ಲಿ ಪ್ರಯತ್ನವೂ ನಡೆಯಿತು, ರೋಗ ಗುಣವಾಗುವಷ್ಟು ಕೋಶಗಳು ಬೇರೂರಲಿಲ್ಲ. ಮೇಲಿನ ವಿವರಣೆಯನ್ನು ಓದಿದವರಿಗೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಥಲಸ್ಸೀಮಿಯಾದಲ್ಲಿ ಮಗುವಿನ ಮಜ್ಜೆ ಖಾಲಿಯಿರುವುದಿಲ್ಲ, ಬದಲಿಗೆ ಕೆಟ್ಟ ಕೆಂಪು ಕಣಗಳನ್ನೇ ಇನ್ನಷ್ಟು ಮತ್ತಷ್ಟು ತಯಾರಿಸುತ್ತಾ ಕಿಕ್ಕಿರಿದಿರುತ್ತದೆ. ರೋಗನಿರೋಧಕ ವ್ಯವಸ್ಥೆಯೂ ಸರಿಯಾಗಿಯೇ ಇರುತ್ತದೆ.

ಆದರೆ ಗರ್ಭಸ್ಥ ಶಿಶು ಪರಕೀಯವನ್ನು ತಿರಸ್ಕರಿಸಲಾರದೆಂಬುದೇ ಅಲ್ಲವೇ ಮೆಡವಾರ್ ಕಾಲದಿಂದ ನಂಬಿಕೊಂಡು ಬಂದದ್ದು? ಈ ಒಗಟಿಗೆ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟಿಪ್ಪಿ ಮೆಕೆಂಜಿ ಅವರ ತಂಡ 2011ರಲ್ಲಿ ಇಲಿಗಳಲ್ಲಿ ಒಂದು ಉತ್ತರ ಕಂಡುಕೊಂಡಿತು. ಕಸಿಯನ್ನು ತಿರಸ್ಕರಿಸುತ್ತಿದ್ದದ್ದು ಮರಿಯಲ್ಲ, ತಾಯಿ. ಗರ್ಭಾವಸ್ಥೆಯಲ್ಲಿ ತಾಯಿಯ ಕೆಲವು ಟಿ ಕೋಶಗಳು ಮಾಸನ್ನು ದಾಟಿ ಮರಿಯ ರಕ್ತ ಸೇರುತ್ತವೆ, ಅವು ಮೂರನೆಯವರ ಕೋಶಗಳನ್ನು ಕಂಡೊಡನೆ ಎರಗುತ್ತವೆ. ತಾಯಿಯ ಕೋಶಗಳನ್ನೇ ಕಸಿಗೆ ಬಳಸಿದರೆ ತಾಯಿಯ ಟಿ ಕೋಶಗಳು ಅವುಗಳನ್ನು ಮುಟ್ಟುವುದಿಲ್ಲ, ಶಿಶುವೂ ತಾಯಿಯ ಕೋಶಗಳನ್ನು ಸಹಿಸಿಕೊಳ್ಳಲು ಮೊದಲೇ ಕಲಿತಿರುತ್ತದೆ. ಎಕ್ಸ್-ಸ್ಕಿಡ್‌ನಲ್ಲಿ ತಾಯಿಯೇ ರೋಗದ ಜೀನ್ ಹೊತ್ತವಳಾದ್ದರಿಂದ ಸಹಜವಾಗಿ ತಂದೆಯ ಕಡೆ ನೋಡಬೇಕಾಗಿತ್ತು. ಬೇರೆ ರೋಗಗಳಲ್ಲಿ ಹುಡುಕುತ್ತಿದ್ದ ದಾನಿ ಅದೇ ಹಾಸಿಗೆಯ ಮೇಲೆ ಮಲಗಿದ್ದಳು.

ಇದರ ಆಧಾರದ ಮೇಲೆ ಅದೇ ತಂಡ ಆಲ್ಫಾ ಥಲಸ್ಸೀಮಿಯಾದ ತೀವ್ರ ರೂಪದಲ್ಲಿ ಮನುಷ್ಯರ ಮೇಲಿನ ಪ್ರಯೋಗ ಆರಂಭಿಸಿತು, ಅದರ ಮೊದಲ ಮಗು 2018ರಲ್ಲಿ ಹುಟ್ಟಿತು. ರೋಗದ ಆಯ್ಕೆ ಇಲ್ಲಿಯೂ ವಿವೇಕದ್ದು. ಹಿಮೋಗ್ಲೋಬಿನ್ನಿನ ಒಂದು ಭಾಗವಾದ ಆಲ್ಫಾ ಗ್ಲೋಬಿನ್ನಿನ ನಾಲ್ಕೂ ಜೀನ್‌ಗಳಿಲ್ಲದ ಶಿಶು ಹುಟ್ಟುವವರೆಗೆ ಕಾಯಲಾರದು. ಅದರ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಅಂಗಗಳಿಗೆ ಬಿಟ್ಟುಕೊಡುವುದಿಲ್ಲ. ಗರ್ಭದಲ್ಲೇ ಹೃದಯ ಸೋತು, ಮೈಯೆಲ್ಲ ನೀರು ತುಂಬಿ ಸಾಯುತ್ತದೆ, ತಾಯಿಯ ಜೀವಕ್ಕೂ ಅಪಾಯ ತರುತ್ತದೆ. ಹೊಕ್ಕುಳಬಳ್ಳಿಯ ನಾಳದ ಮೂಲಕ ಗರ್ಭದಲ್ಲೇ ರಕ್ತ ಕೊಡುತ್ತಾ ಹೋದರೆ ಮಾತ್ರ ಉಳಿಯುತ್ತದೆ. ಹೇಗೂ ಆ ಸೂಜಿ ಚುಚ್ಚಲೇಬೇಕಾದ್ದರಿಂದ, ಅದೇ ಸೂಜಿಯಲ್ಲಿ ತಾಯಿಯ ಮಜ್ಜೆಯ ಕಾಂಡಕೋಶಗಳನ್ನೂ ಕೊಟ್ಟರೆ ಶಿಶುವಿಗೆ ಹೆಚ್ಚುವರಿ ಚುಚ್ಚಿನ ಅಪಾಯವಿಲ್ಲ ಎಂಬುದು ತರ್ಕ. ಆ ಮೊದಲ ಮಗು ಜೀವಂತವಾಗಿ ಹುಟ್ಟಿತು, ಆದರೆ ಹುಟ್ಟಿದ ಮೇಲೂ ನಿಯಮಿತವಾಗಿ ರಕ್ತ ಏರಿಸುವುದು ತಪ್ಪಲಿಲ್ಲ. ಮಗುವನ್ನು ಉಳಿಸಿದ್ದು ಗರ್ಭದಲ್ಲಿ ಕೊಟ್ಟ ರಕ್ತ. ಕಾಂಡಕೋಶಗಳು ರೋಗವನ್ನು ಗುಣಪಡಿಸಿದವೆಂದು ಹೇಳುವಂತಿಲ್ಲ. ಪತ್ರಿಕೆಗಳ ತಲೆಬರಹಗಳಲ್ಲಿ ಈ ಎರಡರ ವ್ಯತ್ಯಾಸ ಅಳಿಸಿಹೋಗುವುದನ್ನು ಕಂಡಾಗ ನನಗೆ ಕಳವಳವಾಗುತ್ತದೆ, ಏಕೆಂದರೆ ಅದನ್ನು ಓದಿ ಆಸೆ ಕಟ್ಟಿಕೊಳ್ಳುವವರು ರೋಗದ ಮಕ್ಕಳ ತಂದೆತಾಯಿಯರು.

ನೈತಿಕವಾಗಿಯೂ ಎರಡು ಪ್ರಕರಣಗಳ ನಡುವೆ ಅಂತರವಿದೆ. ಡೆಟ್ರಾಯಿಟ್‌ನಲ್ಲಿ ಗರ್ಭದ ಕಸಿ ವಿಫಲವಾಗಿದ್ದರೂ ಹುಟ್ಟಿದ ಮೇಲೆ ಮತ್ತೊಮ್ಮೆ ಕಸಿ ಮಾಡುವ ದಾರಿ ಮುಚ್ಚುತ್ತಿರಲಿಲ್ಲ. ಗರ್ಭಪಾತದ ಅಪಾಯವೊಂದನ್ನು ಬಿಟ್ಟರೆ ಕುಟುಂಬ ಕಳೆದುಕೊಳ್ಳುವುದು ಕಡಿಮೆಯಿತ್ತು. ಅರ್ಧ ಫಲಿಸುವ ಚಿಕಿತ್ಸೆ ಜೀವನಪರ್ಯಂತದ ರಕ್ತಪೂರಣಕ್ಕೆ ಒಯ್ಯುವಂಥ ರೋಗಗಳಲ್ಲಿ ತಂದೆತಾಯಿಗೆ ಈ ಸಾಧ್ಯತೆಯನ್ನು ಮೊದಲೇ, ಮುಚ್ಚುಮರೆಯಿಲ್ಲದೆ ಹೇಳಬೇಕಾಗುತ್ತದೆ.

ಇಂಥದೇ ಕುಟುಂಬ, ನಮ್ಮಲ್ಲಿ

ಇದೇ ಹಿನ್ನೆಲೆಯ ತಾಯಿಯೊಬ್ಬಳು ಇಂದು ಕರ್ನಾಟಕದಲ್ಲಿ ಮತ್ತೆ ಬಸುರಿಯಾದರೆ ಏನಾಗಬೇಕು? ಗರ್ಭದ ಕಸಿ ಆಕೆಗೆ ಬೇಕಾಗಿಲ್ಲ. ಬೇಕಾಗಿರುವುದು ತೀರಿಕೊಂಡ ಮಗುವಿನ ಕಾಯಿಲೆಗೆ ಒಂದು ಖಚಿತ ಹೆಸರು. ನಮ್ಮಲ್ಲಿ ಹುಟ್ಟುವ ಪ್ರತಿ ಮಗುವಿಗೂ ಟಿ ಕೋಶಗಳ ಪರೀಕ್ಷೆ ಮಾಡುವ ಏರ್ಪಾಟಿಲ್ಲವಾದ್ದರಿಂದ, ಎಷ್ಟೋ ಮಕ್ಕಳ ಸಾವು ಬರಿಯ ನ್ಯುಮೋನಿಯಾ ಎಂದೋ ಭೇದಿ ಎಂದೋ ದಾಖಲಾಗಿ, ಮುಂದಿನ ಬಸುರಿಗೆ ಯಾವ ಎಚ್ಚರಿಕೆಯೂ ಸಿಗದೆ ಹೋಗುತ್ತದೆ. ಹೆಸರು ಗೊತ್ತಿದ್ದರೆ ಗರ್ಭದಲ್ಲೇ ಪರೀಕ್ಷಿಸಬಹುದು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯೇ ಲಿಂಗಸಂಬಂಧಿ ಆನುವಂಶಿಕ ರೋಗಗಳಿಗಾಗಿ ಪ್ರಸವಪೂರ್ವ ಪರೀಕ್ಷೆಗೆ ಅವಕಾಶ ಕೊಟ್ಟಿದೆ. ಕಾಯ್ದೆಯ ಹೆದರಿಕೆಯಿಂದ ಈ ಪರೀಕ್ಷೆಯನ್ನೇ ಕೇಳದೆ ಉಳಿಯುವವರಿಗೆ ಇದು ಗೊತ್ತಿರಬೇಕು.

ಮಗು ಹುಟ್ಟುವ ಮೊದಲೇ ಮನೆಯವರ ಅಂಗಾಂಶ ಹೊಂದಾಣಿಕೆಯನ್ನು ಪರೀಕ್ಷಿಸಿಟ್ಟು, ಕಸಿ ಮಾಡುವ ಆಸ್ಪತ್ರೆಯನ್ನು ಗೊತ್ತುಮಾಡಿಕೊಂಡು, ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತದಲ್ಲಿ ಟಿ ಕೋಶಗಳನ್ನು ಎಣಿಸಬೇಕು. ಮಗುವಿಗೆ ಕೊಡುವ ರಕ್ತ ವಿಕಿರಣದಿಂದ ಶುದ್ಧಗೊಳಿಸಿದ್ದೇ ಆಗಿರಬೇಕು, ಇಲ್ಲವಾದರೆ ಆ ರಕ್ತದ ಟಿ ಕೋಶಗಳೇ ಮಗುವಿನ ಮೇಲೆ ತಿರುಗಿಬೀಳುತ್ತವೆ. ಇನ್ನೊಂದು ಕೆಲಸ ಅತ್ಯಂತ ಚಿಕ್ಕದು, ಆದರೆ ನಮ್ಮ ದೇಶದಲ್ಲಿ ಅತ್ಯಂತ ಸುಲಭವಾಗಿ ತಪ್ಪಿಹೋಗುವಂಥದು. ಇಲ್ಲಿ ಹುಟ್ಟಿದ ಮಗುವಿಗೆಲ್ಲ ಬಿಸಿಜಿ ಲಸಿಕೆಯನ್ನೂ ಬಾಯಿಯ ಪೋಲಿಯೊ ಹನಿಯನ್ನೂ ಆಸ್ಪತ್ರೆಯಿಂದ ಮನೆಗೆ ಹೋಗುವ ಮೊದಲೇ ಕೊಡುವುದು ವಾಡಿಕೆ. ಎರಡರಲ್ಲೂ ದುರ್ಬಲಗೊಳಿಸಿದರೂ ಜೀವಂತವಿರುವ ಸೂಕ್ಷ್ಮಜೀವಿಗಳಿವೆ. ಟಿ ಕೋಶಗಳಿಲ್ಲದ ಮಗುವಿನಲ್ಲಿ ಬಿಸಿಜಿಯ ರೋಗಾಣು ಮೈತುಂಬ ಹರಡಬಲ್ಲದು. ಆದ್ದರಿಂದ ಇಂಥ ಮನೆಯ ಬಸುರಿಯ ತಾಯಿ ಕಾರ್ಡಿನ ಮೇಲೆ, ಮಗುವಿನ ರಕ್ತಪರೀಕ್ಷೆಯ ಫಲಿತಾಂಶ ಬರುವವರೆಗೆ ಬಿಸಿಜಿ ಹಾಗೂ ಪೋಲಿಯೊ ಹನಿ ಕೊಡಬಾರದೆಂದು ವೈದ್ಯರು ಎದ್ದುಕಾಣುವಂತೆ ಬರೆದು, ಹೆರಿಗೆ ಕೋಣೆಯ ದಾದಿಗೆ ಅದನ್ನು ಬಾಯಿಮಾತಿನಲ್ಲೂ ತಿಳಿಸಿರಬೇಕು.